ಬರ್ಮಾ ಸುಬೇದಾರನ ಎಡೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗೋಣಿಚೀಲ ಮಾರುವ ನಿಜಲಿಂಗಪ್ಪನನ್ನು ಊರವರು ಆಡಿಕೊಳ್ಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆ ಕೆಲಸವನ್ನು ಅವನೇ ಅಚ್ಚುಕಟ್ಟಾಗಿ ಮಾಡಿಕೊಳ್ಳುತ್ತಿದ್ದ. ಯಾರಾದರೂ "ಏನ್ ಸಾವ್ಕಾರ್ರ, ಆರಾಮ ಅದೀರೇನು?" ಎಂದರೆ, "ಎಲ್ಲೀ ಸಾವ್ಕಾರ್ರಿ? ನಂದು ಖಾಲಿ ಚೀಲದ ಧಂದೆ. ತುಂಬಿದ್ದೆಲ್ಲಾ ಮಂದೀದು" ಎನ್ನುತ್ತಿದ್ದ. ಹೇಳಿ ತಾನೇ ಮೊದಲು ನಗುತ್ತಿದ್ದ.

ಹರೆಯದಲ್ಲಿ ಅವನಿಗೆ ಸಿಪಾಯಿಯಾಗುವ ಹುಚ್ಚಿತ್ತು. ಧಾರವಾಡದಲ್ಲಿ ಮಿಲಿಟರಿ ಭರ್ತಿ ನಡೆದಿದೆ ಎಂದು ಕೇಳಿ, ಮನೆಯಲ್ಲಿ ಹೇಳದೆ ಕೇಳದೆ ಬಸ್ಸು ಹತ್ತಿದ್ದ. ಓಟದಲ್ಲಿ ಪಾಸಾದ. ಎದೆ ಅಳೆಯುವ ಹವಾಲ್ದಾರ ಟೇಪು ಸುತ್ತಿ, ಉಸಿರು ಎಳೆದು ಹಿಡಿ ಎಂದ. ನಿಜಲಿಂಗಪ್ಪ ಎಳೆದ. ಹುಟ್ಟಿದಾಗಿನಿಂದ ಮೂಗಿನಲ್ಲಿ ಮನೆ ಮಾಡಿಕೊಂಡಿದ್ದ ಮೆಣಸಿನಕಾಯಿ ಘಾಟು ಆಗಲೇ ಎಚ್ಚರವಾಗಬೇಕೇ? ಹವಾಲ್ದಾರನ ಮುಖಕ್ಕೇ ಸೀನಿಬಿಟ್ಟ. ಮುಖ ಒರೆಸಿಕೊಂಡ ಹವಾಲ್ದಾರ ಬಾಗಿಲ ಕಡೆ ಬೆರಳು ತೋರಿಸಿದ. ಈ ಕಥೆಯನ್ನು ನಿಜಲಿಂಗಪ್ಪ ಜೀವನದುದ್ದಕ್ಕೂ ಹೇಳಿಕೊಂಡು ಬಂದ. "ಒಂದು ಸೀನಿನಿಂದ ದೇಶ ಉಳೀತು ನೋಡ್ರಿ" ಎಂದು ಮುಗಿಸುತ್ತಿದ್ದ. ಕೇಳಿದವರು ನಗುತ್ತಿದ್ದರು. ಅವನಿಗೆ ಒಳಗೆ ಎಲ್ಲೋ ಚುರುಕ್ಕೆನ್ನುತ್ತಿದ್ದುದು ಅವನ ಹೆಂಡತಿ ದ್ರಾಕ್ಷಾಯಿಣಿಗೆ ಮಾತ್ರ ಗೊತ್ತಿತ್ತು.

ಐವತ್ತರ ವಯಸ್ಸಿನ ಆಸುಪಾಸಿನಲ್ಲಿ ಅವನು ಹಾವೇರಿಯ ಗುಜರಿ ಅಂಗಡಿಯೊಂದಕ್ಕೆ ಹಳೆಯ ಟ್ರಂಕು ಕೊಳ್ಳಲು ಹೋದ. ಟ್ರಂಕಿನ ತಳದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಒಂದಿತ್ತು. ಮೊದಲನೆಯ ಮಹಾಯುದ್ಧದ ಕಾಲದ ಸಿಪಾಯಿ. ತಲೆಗೆ ಮುಂಡಾಸು, ಕಾಲಿಗೆ ಪಟ್ಟಿ, ಹಿಂದೆ ಪರದೆಯ ಮೇಲೆ ಬರೆದ ಅರಮನೆ, ಎಲ್ಲಿಗೂ ಹೋಗದ ಮೆಟ್ಟಿಲು, ಪಕ್ಕದ ದುಂಡು ಮೇಜಿನ ಮೇಲೆ ಹೂದಾನಿ. ಸಿಪಾಯಿ ನಕ್ಕಿರಲಿಲ್ಲ. ಆಗ ಫೋಟೋ ತೆಗೆಯುವವನು ಅಲುಗಾಡಬೇಡ ಎಂದರೆ ಜನ ಅಲುಗಾಡುತ್ತಿರಲಿಲ್ಲ, ಉಸಿರು ಹಿಡಿ ಎಂದರೆ ಹಿಡಿಯುತ್ತಿದ್ದರು. ಇವನು ಸೀನಿದವನಲ್ಲ ಎಂದು ನಿಜಲಿಂಗಪ್ಪನಿಗೆ ಹೊಟ್ಟೆಕಿಚ್ಚಾಯಿತು. ಟ್ರಂಕು ಬಿಟ್ಟು ಫೋಟೋ ತಂದ.

ಅಲ್ಲಿಂದ ಶುರುವಾಯಿತು. ಮೆಣಸಿನಕಾಯಿ ಸೀಸನ್ ಮುಗಿದರೆ ಗೋಣಿಚೀಲವನ್ನು ಕೇಳುವವರಿರಲಿಲ್ಲ, ನಿಜಲಿಂಗಪ್ಪನನ್ನೂ ಕೇಳುವವರಿರಲಿಲ್ಲ. ಹಾವೇರಿಯ ಗುಜರಿಗಳು, ರಾಣೆಬೆನ್ನೂರಿನ ಫೋಟೋ ಕಟ್ಟು ಹಾಕುವ ಅಂಗಡಿಗಳು, ಎಲ್ಲವನ್ನೂ ಜಾಲಾಡಿದ. ಗಳಗನಾಥಕ್ಕೆ ಗುಡಿ ನೋಡಲು ಹೋದವನು ಯಾರದೋ ಮನೆಯ ಅಟ್ಟ ನೋಡಿ ಬಂದ. ಪಡಸಾಲೆಯ ಗೋಡೆಯ ತುಂಬ ಗುರುತು ಪರಿಚಯವಿಲ್ಲದ ಸಿಪಾಯಿಗಳು ಸಾಲಾಗಿ ನಿಂತರು. "ಭರ್ತಿ ನಮ್ಮ ಮನ್ಯಾಗ ಚಾಲೂ ಐತಿ, ಎದಿ ಅಳೆಯೂದಿಲ್ಲ" ಎಂದು ಬಂದವರಿಗೆ ಹೇಳುತ್ತಿದ್ದ.

ದ್ರಾಕ್ಷಾಯಿಣಿ ಮೊದಮೊದಲು ಸುಮ್ಮನಿದ್ದಳು. ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದಾಗ ಗೋಡೆಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟಳು. ಅದು ಹಿರಿಯರ ಹಬ್ಬ. ತೀರಿಕೊಂಡವರ ಫೋಟೋಕ್ಕೆ ವಿಭೂತಿ ಹಚ್ಚಿ, ಮುಂದೆ ಎಡೆ ಇಟ್ಟು, ಅವರು ಬಂದು ಉಂಡು ಹೋಗಲೆಂದು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂಡುವ ದಿನ.

"ಇವರಿಗೆ ಎಡಿ ಯಾರು ಇಡೋರು?" ಎಂದಳು.

"ಇವರು ನಮ್ಮ ಹಿರ್ಯಾರಲ್ಲ ಮಾರಾಯ್ತಿ. ಇದು ಸಂಗ್ರಹ."

"ಸತ್ತವರನ್ನ ಕರಕೊಂಡು ಬಂದು ಗ್ವಾಡಿಗೆ ನಿಂದರ್ಸೀರಿ. ನಮ್ಮ ಮಾವಾರು ಹೋಳಗಿ ಉಣ್ಣೂದನ್ನ ಇವರು ಬಾಯಿ ಬಿಟ್ಕೊಂಡು ನೋಡಬೇಕೇನು? ಉಪವಾಸ ಇದ್ದವರ ನೆಳ್ಳು ಮನ್ಯಾಗ ಬ್ಯಾಡ್ರೀ."

ಹೀಗಾಗಿ ನಿಜಲಿಂಗಪ್ಪನ ಸಂಗ್ರಹಕ್ಕೆ ವರ್ಷಕ್ಕೊಮ್ಮೆ ಊಟ ಹಾಕುವುದು ಗಟ್ಟಿಯಾಯಿತು. ಅದೂ ಒಂದೇ ತಾಟಿನಲ್ಲಲ್ಲ. ಯಾರು ಯಾವ ಜಾತಿಯವರೋ, ಒಬ್ಬರ ತಾಟಿನಲ್ಲಿ ಇನ್ನೊಬ್ಬರು ಹೇಗೆ ಉಣ್ಣಬೇಕು? ಆದ್ದರಿಂದ ಒಬ್ಬೊಬ್ಬನಿಗೂ ಒಂದೊಂದು ತಾಟು. ಹೋಳಿಗೆ, ಬದನೆಕಾಯಿ ಪಲ್ಯ, ಕಟ್ಟಿನ ಸಾರು, ಅನ್ನ. ಅವರು ಉಂಡು ಬಿಟ್ಟದ್ದನ್ನು ಮುಗಿಸುವ ಹೊಣೆ ನಿಜಲಿಂಗಪ್ಪನದು. ದೇಶಕ್ಕಾಗಿ ತಾನು ಪಟ್ಟ ಕಷ್ಟವೆಂದರೆ ಇದೊಂದೇ ಎಂದು ಅವನು ಹೊಟ್ಟೆ ಸವರಿಕೊಳ್ಳುತ್ತಿದ್ದ. ಮೊದಲನೇ ಯುದ್ಧದವನ ಮೀಸೆ ನೋಡಿದರೆ ಅವನು ಹೋಳಿಗೆಗೆ ತೃಪ್ತಿಪಡುವ ಗಿರಾಕಿಯಂತೆ ಕಾಣುತ್ತಿರಲಿಲ್ಲ. ಒಮ್ಮೆ ನಿಜಲಿಂಗಪ್ಪ, ಮೊಟ್ಟೆಯ ವಾಸನೆಯೂ ಸೇರದ ಆ ಮನೆಗೆ, ಕುದಿಸಿದ ಮೊಟ್ಟೆಯೊಂದನ್ನು ಅಂಗಿಯ ಜೇಬಿನಲ್ಲಿ ತಂದು ಅವನ ಕಟ್ಟಿನ ಹಿಂದೆ ಸಿಗಿಸಿದ. ಮರುದಿನ ನೋಡಿದರೆ ಮೊಟ್ಟೆ ಇಲ್ಲ. ಮೈಯೆಲ್ಲ ಜುಮ್ಮೆಂದು ಕೈ ಮುಗಿದು ನಿಂತ. ಅಷ್ಟರಲ್ಲಿ ಬೆಕ್ಕು ಮೀಸೆ ನೆಕ್ಕುತ್ತಾ ಅಡ್ಡ ಬಂತು.

ಆ ಗೋಡೆಯ ಮೇಲೆ ಎಲ್ಲರಿಗಿಂತ ಚೆಲುವನೆಂದರೆ ಬರ್ಮಾ ಸುಬೇದಾರ. ಎರಡನೆಯ ಮಹಾಯುದ್ಧದ ಕಾಲದವನು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಬಂದೂಕು ಹಿಡಿದು, ಜಗತ್ತಿಗೇ ಸಡ್ಡು ಹೊಡೆದವನಂತೆ ನಿಂತಿದ್ದ. ಸ್ಟುಡಿಯೋದವನು ಕುಂಚ ಹಿಡಿದು ಕೆನ್ನೆಗೆ ತಿಳಿಗೆಂಪು ಹಚ್ಚಿದ್ದ. ಹಳೆ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವವನೊಬ್ಬನ ಬುಟ್ಟಿಯಲ್ಲಿ ಅದು ಸಿಕ್ಕಿತ್ತು. "ಕುಪ್ಪೇಲೂರಾಗ ಒಬ್ಬಾಕಿ ಡಬ್ಬಿ ತಗೊಂಡು ಇದನ್ನ ಕೊಟ್ಲು" ಎಂದಿದ್ದ ಅವನು. ಕುಪ್ಪೇಲೂರು ರಾಣೆಬೆನ್ನೂರಿನಿಂದ ಒಂದು ಬಸ್ಸಿನ ದಾರಿ. ಹೋಗಿ ವಿಚಾರಿಸಬಹುದಿತ್ತು. ಆದರೆ ಮನೆಯವರು ಸಿಕ್ಕರೆ ಫೋಟೋ ವಾಪಸು ಕೇಳುತ್ತಾರಲ್ಲ. ಇಷ್ಟೊಂದು ವೀರರನ್ನು ಮನೆಯಲ್ಲಿಟ್ಟುಕೊಂಡವನಿಗೆ ಆ ಬಸ್ಸು ಹತ್ತುವ ಧೈರ್ಯ ಬರಲಿಲ್ಲ.

ಹೆಸರು ಗೊತ್ತಿಲ್ಲದವನಿಗೆ ಕಥೆ ಕಟ್ಟುವುದು ಸುಲಭ. ಮೊದಲು "ಬರ್ಮಾಕ್ಕ ಹೋಗಿರಬೇಕು" ಎಂದ. ದೀಪಾವಳಿಗೆ ಅದು "ಹೋಗಿದ್ದ" ಆಯಿತು. ಯುಗಾದಿಯ ಹೊತ್ತಿಗೆ ಅವನಿಗೆ ಸುಬೇದಾರನಾಗಿ ಬಡ್ತಿ ಸಿಕ್ಕಿತು. ಶ್ರಾವಣದಲ್ಲಿ ಗಾಯಗೊಂಡ ಸಾಹೇಬನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿ ಈಚೆ ದಂಡೆಯಲ್ಲಿ ಪ್ರಾಣ ಬಿಟ್ಟ. ಹೇಳುವಾಗ ನಿಜಲಿಂಗಪ್ಪನ ಕಣ್ಣು ಒದ್ದೆಯಾಗುತ್ತಿತ್ತು. ತಾನೇ ಕೊಂದವನಿಗಾಗಿ ತಾನೇ ಅಳುವ ಸುಖವೇ ಬೇರೆ. 2006ರ ಆಗಸ್ಟ್ ಹದಿನೈದಕ್ಕೆ ರಾಣೆಬೆನ್ನೂರಿನ ತರುಣ ಸಂಘವೊಂದು ಈ ಫೋಟೋಗಳ ಪ್ರದರ್ಶನ ಇಟ್ಟಿತು. ಪತ್ರಿಕೆಯೊಂದು ಸುಬೇದಾರನ ಚಿತ್ರವನ್ನೂ ಪಕ್ಕದಲ್ಲಿ ಎದೆಯುಬ್ಬಿಸಿದ ನಿಜಲಿಂಗಪ್ಪನನ್ನೂ ಅಚ್ಚು ಹಾಕಿ, 'ಬರ್ಮಾದಲ್ಲಿ ಮಡಿದ ನಮ್ಮ ನೆಲದ ವೀರ' ಎಂದು ಬರೆಯಿತು. ಆ ಸಲ ಸೀನು ಬರಲಿಲ್ಲ.

ಮುಂದಿನ ತಿಂಗಳು ಅಮಾವಾಸ್ಯೆ ಬಂತು. ದ್ರಾಕ್ಷಾಯಿಣಿ ತಾಟುಗಳನ್ನು ಸಾಲಾಗಿ ಇಟ್ಟು, ಊದಿನಕಡ್ಡಿ ಹಚ್ಚಿ, ಹಿರಿಯರು ಬರಲೆಂದು ಮುಂಬಾಗಿಲು ಅರ್ಧ ತೆರೆದಿಟ್ಟಳು. ಗಂಡ ಹೆಂಡತಿ ಹಿತ್ತಲಿನ ಕಲ್ಲಿನ ಮೇಲೆ ಕುಳಿತರು. ಒಳಗೆ ಹೋಗುವಾಗ ಒಮ್ಮೆ ಕೆಮ್ಮಬೇಕು, ಉಣ್ಣುತ್ತಿರುವವರಿಗೆ ಗಾಬರಿಯಾಗಬಾರದು. ಸ್ವಲ್ಪ ಹೊತ್ತಾದ ಮೇಲೆ ಹಿತ್ತಲ ಬಾಗಿಲಿಗೆ ಬಂದು ನಿಜಲಿಂಗಪ್ಪ ಕೆಮ್ಮಿದ.

ಒಳಗಿನಿಂದ ಯಾರೋ ಕೆಮ್ಮಿದರು.

ದ್ರಾಕ್ಷಾಯಿಣಿ ಗಂಡನ ಅಂಗಿ ಹಿಡಿದುಕೊಂಡಳು. ಗಂಡ ಬಾಗಿಲ ಚೌಕಟ್ಟು ಹಿಡಿದುಕೊಂಡ. ಪಡಸಾಲೆಯಲ್ಲಿ, ತಾಟುಗಳ ಎದುರಿಗೆ, ಧೋತರ ಉಟ್ಟು ಬಿಳಿ ಟೊಪ್ಪಿಗೆ ಹಾಕಿದ ಮುದುಕನೊಬ್ಬ ಬಡಿಗೆ ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕುಳಿತಿದ್ದ. ಮೇಲೆ ಬರ್ಮಾ ಸುಬೇದಾರ. ಕೆಳಗೆ ಅದೇ ಹಣೆ, ಅದೇ ದವಡೆ, ಅದೇ ಮೂಗು.

ದ್ರಾಕ್ಷಾಯಿಣಿ ಎರಡೂ ಕೈ ಜೋಡಿಸಿದಳು. "ಉಣ್ಣಾಕ ಬಂದೀರೇನ್ರಿ?"

"ಕೊಟ್ಟರ ಉಣ್ತೇನಿ ತಂಗಿ. ಮುಂಜಾನಿಂದ ಬರೇ ಚಾದ ಮ್ಯಾಲೆ ಅದೇನಿ. ಬಾಗಲಾ ತೆರದಿತ್ತು, ಕರದೆ, ಯಾರೂ ಓ ಅನ್ನಲಿಲ್ಲ."

"ನೀವು ಸತ್ತವರು..." ಎಂದು ನಿಜಲಿಂಗಪ್ಪ ತೊದಲಿದ.

"ಅಲ್ರೀ. ಕುಪ್ಪೇಲೂರಾಂವ. ಡಾಕಪ್ಪ ಅಂತ."

ಡಾಕಪ್ಪಜ್ಜ ಜೇಬಿನಿಂದ ಎಣ್ಣೆ ಕುಡಿದ ಕಾಗದವೊಂದನ್ನು ಬಿಡಿಸಿದ. ಕುಪ್ಪೇಲೂರಿನ ಹೋಟೆಲಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಳೆಯ ಪೇಪರು. ಎಣ್ಣೆಯ ಕಲೆಯ ನಡುವೆ ಸುಬೇದಾರನೂ ನಿಜಲಿಂಗಪ್ಪನೂ ಇದ್ದರು. "ಮಿರ್ಚಿ ತಿಂದು ನೋಡತೇನಿ, ನಾ ಸತ್ತೇನಿ. ಹಬ್ಬದ ದಿನ ಆದರ ನೀವು ಮನ್ಯಾಗ ಸಿಗ್ತೀರಿ ಅಂತ ಇವತ್ತು ಬಂದೆ" ಎಂದ.

ದ್ರಾಕ್ಷಾಯಿಣಿ ಬೇರೆ ತಾಟು ತರಲು ಎದ್ದಳು. ಅಜ್ಜ ಬೇಡವೆಂದ. "ಇದು ನಂದಾ ಅಲ್ಲೇನು?" ಎಂದು ತನ್ನ ಫೋಟೋದ ಮುಂದಿನ ಎಡೆಯನ್ನೇ ಎಳೆದುಕೊಂಡು ಉಂಡ. ಉಳಿದ ಸಿಪಾಯಿಗಳು ನೋಡುತ್ತಾ ನಿಂತರು. ಪಲ್ಯ ಬಾಯಿಗಿಟ್ಟು ಕ್ಷಣ ಹೊತ್ತು ಕಣ್ಣು ಮುಚ್ಚಿದ.

"ಹದ ಐತಿ. ಉಪ್ಪು ಮಾತ್ರ ಕಡಿಮಿ ತಂಗಿ."

ಗಂಡ ಈ ಮಾತು ಹೇಳಿದ್ದರೆ ಆ ದಿನ ಮನೆಯಲ್ಲಿ ಯುದ್ಧವೇ ಆಗುತ್ತಿತ್ತು. ದ್ರಾಕ್ಷಾಯಿಣಿ ತಲೆ ತಗ್ಗಿಸಿ, "ಎಡಿಗೆ ಮಾಡಿದ್ದನ್ನ ರುಚಿ ನೋಡಂಗಿಲ್ಲಲ್ರೀ ಅಜ್ಜಾರ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ" ಎಂದಳು.

ಉಂಡು ಕೈ ತೊಳೆದ ಮೇಲೆ ಅಜ್ಜ ಬರ್ಮಾದ ಕಥೆ ಕೇಳಿದ. ನಿಜಲಿಂಗಪ್ಪ ಸಾಧ್ಯವಾದಷ್ಟು ಚಿಕ್ಕದಾಗಿ, ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ ಹೇಳಿದ. ಅಜ್ಜ ನಕ್ಕೂ ನಕ್ಕೂ ಕೆಮ್ಮು ಹತ್ತಿ ನೀರು ಕುಡಿದ.

"ನಾ ಲಾಂಗ್ರಿ ಇದ್ದೆ ಸಾವ್ಕಾರ್ರ. ಪಲ್ಟನ್ನಿನ ಅಡಗಿಯಾಂವ. ಝಾನ್ಸಿ ದಾಟಿ ಮುಂದ ಹೋಗಿಲ್ಲ. ನಾ ದಾಟಿದ ಹೊಳಿ ಅಂದ್ರ ನಮ್ಮ ತುಂಗಭದ್ರಾ ಒಂದಾ, ಅದೂ ದೋಣ್ಯಾಗ. ಈ ಬಂದೂಕು ಕಟಗೀದು, ಸ್ಟುಡಿಯೋದಾಂವಂದು. ಬೂಟೂ ಅವನವಾ. ಸಣ್ಣ ಬೂಟು, ಕಾಲು ಕಚ್ಚಾಕತ್ತಿತ್ತು, ಅದಕ್ಕಾ ಒಂದು ಕಾಲು ಮೆಟ್ಟಲ ಮ್ಯಾಲೆ ಇಟ್ಟೇನಿ."

ನಿಜಲಿಂಗಪ್ಪ ಗೋಡೆಯ ಕಡೆ ನೋಡಿದ. ಬೇರೆ ಬೇರೆ ಊರಿನ, ಬೇರೆ ಬೇರೆ ಕಾಲದ ಸಿಪಾಯಿಗಳು. ಎಷ್ಟು ಜನರ ಬಂದೂಕು ಕಟ್ಟಿಗೆಯದೋ, ಎಷ್ಟು ಜನರ ಕಾಲು ಕಚ್ಚುತ್ತಿತ್ತೋ. ತಾನು ಇಷ್ಟು ವರ್ಷ ಬಡಗಿಯ ಕೆಲಸಕ್ಕೆ ಸಲ್ಯೂಟ್ ಹೊಡೆದೆನಲ್ಲ ಎಂದು ಅವನಿಗೆ ನಗು ಬಂತು. ನಗುವಿನ ಹಿಂದೆಯೇ ಹೆದರಿಕೆ ಬಂತು. ಅಜ್ಜ ಬಂದದ್ದು ಊಟಕ್ಕಲ್ಲ.

"ಫೋಟೋ ಒಯ್ಯಾಕ ಬಂದೇನಿ" ಎಂದ ಅಜ್ಜ. "ನನ್ನ ಸೊಸಿ ಮೈಲವ್ವ ಒಳ್ಳೇಕಿ. ಯಾವನೋ ಹಳೇ ಸಾಹೇಬ ಅಂತ ತಿಳದು ಡಬ್ಬಿಗೆ ಕೊಟ್ಟಾಳ. ಆಕಿ ಬಂದಾಗ ನಾ ಹಿಂಗ ಎಲ್ಲಿದ್ದೆ? ಆದರ ಈಗ ಅದು ಬೇಕಾಗೈತಿ. ಹಾವೇರ್ಯಾಗ ಡಾಕ್ಟರು ನನ್ನ ಬಿಟ್ಟು ನನ್ನ ಮಗನ್ನ ಹೊರಗ ಕರದು ಮಾತಾಡಿದ್ರು. ಮಗ ಶಾಣ್ಯಾ. ಬರೂ ದಾರ್ಯಾಗ ರಾಣೆಬೆನ್ನೂರಾಗ ನನ್ನ ಓಟಿನ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಟ್ಟದ ಮ್ಯಾಲೆ ಇಟ್ಟಾನ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಾನ. ಅದರಾಗ ನಾ ಆಕಳಾ ಕದ್ದು ಸಿಕ್ಕಬಿದ್ದಾವನ ಗತೆ ಅದೇನಿ. ಸತ್ತ ಮ್ಯಾಲೆ ವರ್ಷಾ ವರ್ಷಾ ಆ ಮಾರೀಗೆ ಎಡಿ ಇಡ್ತಾರ. ನಾ ಅದನ್ನ ಒಲ್ಲೆ. ಈ ಮಾರೀಲೆ ಉಣಬೇಕು ಅಂತ ಆಸೆ ಐತಿ."

ಯಾರಿಗಾದರೂ ಅರ್ಥವಾಗುವ ಮಾತು. ನಿಜಲಿಂಗಪ್ಪನಿಗೂ ಅರ್ಥವಾಯಿತು. ಆದರೂ ಅವನ ಬಾಯಿಂದ ಬಂದದ್ದು, "ರಾಣೆಬೆನ್ನೂರಾಗ ಕಂಪ್ಯೂಟರದಾಗ ಇದರಕಿಂತ ಚಂದ ಕಾಪಿ ತಗದು ಕೊಡ್ತಾರ ಅಜ್ಜಾರ. ಪೂರಾ ಬಣ್ಣಾ ತುಂಬ್ತಾರ" ಎಂಬ ಮಾತು.

"ಹಂಗಾರ ಆ ಚಂದಂದು ನೀವಾ ಇಟ್ಕೋರಿ."

ನಿಜಲಿಂಗಪ್ಪ ಇನ್ನೊಂದು ನೆಪ ಹುಡುಕುವಷ್ಟರಲ್ಲಿ ದ್ರಾಕ್ಷಾಯಿಣಿ ಸ್ಟೂಲು ಹತ್ತಿದ್ದಳು. ಫೋಟೋ ಇಳಿಸಿ, ಗಾಜಿನ ಮೇಲೆ ಹಚ್ಚಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿ ತೆಗೆದಳು. "ಜೀವಂತ ಇದ್ದವರಿಗೆ ಹಚ್ಚಿಬಿಟ್ಟೇನಿ, ತಪ್ಪಾತ್ರಿ" ಎಂದು ಅಜ್ಜನ ಕೈಗೆ ಕೊಟ್ಟಳು. ಗೋಡೆಯ ಮೇಲೆ ಮೊಳೆ ಉಳಿಯಿತು.

ಆಮೇಲೆ ನಿಜಲಿಂಗಪ್ಪ ಕುಪ್ಪೇಲೂರಿಗೆ ಹೋಗತೊಡಗಿದ. ಅಜ್ಜನ ಆರೋಗ್ಯ ವಿಚಾರಿಸಲು ಎಂದು ಹೇಳುತ್ತಿದ್ದ. ಖರೇ ಹೇಳಬೇಕೆಂದರೆ ಫೋಟೋ ಮತ್ತೊಂದು ಡಬ್ಬಿಯ ಪಾಲಾಗದಂತೆ ಕಾಯಲು, ಮತ್ತು ಅಜ್ಜನ ನಂತರ ಅದು ಯಾರ ಪಾಲಾಗುತ್ತದೆ ಎಂದು ಅಂದಾಜು ಮಾಡಲು. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸುವಾಗ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಸಾಯುವವರ ಮೇಲೆ ಸುತ್ತುವ ಹದ್ದಿಗೆ ರೆಕ್ಕೆಯಾದರೂ ಇರುತ್ತದೆ, ನಾನು ಟಿಕೆಟ್ ತೆಗೆಸಿ ಹೋಗುವ ಹದ್ದು ಎಂದುಕೊಳ್ಳುತ್ತಿದ್ದ. ಬೈದುಕೊಂಡು ಮುಂದಿನ ಬಸ್ಸು ಹತ್ತುತ್ತಿದ್ದ.

ಅಜ್ಜ ಕಟ್ಟೆಯ ಮೇಲೆ ಕೂತು ಝಾನ್ಸಿಯ ಕಥೆ ಹೇಳುತ್ತಿದ್ದ. ಇಡೀ ಪಲ್ಟನ್ನಿಗೆ ಬೇಳೆ ಕುದಿಸುವ ಹಂಡೆಯ ಬಗ್ಗೆ, ಮಳೆಯಲ್ಲಿ ಒಲೆ ಆರದಂತೆ ಬೆನ್ನು ಅಡ್ಡ ಕೊಟ್ಟು ಕೂತದ್ದರ ಬಗ್ಗೆ, ಮರುದಿನ ಯುದ್ಧಕ್ಕೆ ಹೊರಟ ಹುಡುಗರು ಇನ್ನೊಂದು ರೊಟ್ಟಿ ಕೇಳಿದಾಗ ತನ್ನ ಪಾಲಿನದನ್ನು ಕೊಟ್ಟದ್ದರ ಬಗ್ಗೆ. ಅವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. "ಹಸಿದು ಹೋಗಲಿಲ್ಲ ನೋಡ್ರಿ, ಅಷ್ಟಾ ನನಗ ಸಮಾಧಾನ" ಎನ್ನುತ್ತಿದ್ದ. ತಾನು ಕಟ್ಟಿದ ಹೊಳೆ ದಾಟುವ ಕಥೆ ಇದರ ಮುಂದೆ ಎಷ್ಟು ಪೊಳ್ಳು ಎಂದು ನಿಜಲಿಂಗಪ್ಪನಿಗೆ ಅನಿಸುತ್ತಿತ್ತು.

ಒಮ್ಮೆ ಅಜ್ಜ ಕೇಳಿಯೇಬಿಟ್ಟ. "ನನ್ನ ನೋಡಾಕ ಬರ್ತೀರೋ, ಒಳಗಿನಾಂವನ್ನ ನೋಡಾಕೋ?"

"ಮೊದಲ ಸಲ ಅವನ್ನ ನೋಡಾಕ ಬಂದಿದ್ದೆ ಅಜ್ಜಾರ. ಈಗೀಗ ಒಳಗ ಹೋಗೂದಾ ಮರತು ಹೊಳ್ಳಿ ಹೋಗ್ತೇನಿ."

ಅದು ಅವನಿಗೇ ಹೊಸ ಸುದ್ದಿಯಾಗಿತ್ತು.

ಸೀಸನ್ ಏರಿ ಬ್ಯಾಡಗಿಯ ಪೇಟೆಯೆಲ್ಲ ಕೆಂಪಾಗಿ ಕೂತಿದ್ದಾಗ ಅಜ್ಜ ತೀರಿಕೊಂಡ ಸುದ್ದಿ ಬಂತು. ಚೀಲಕ್ಕಾಗಿ ಜನ ಸಾಲು ನಿಂತಿದ್ದರು. ನಿಜಲಿಂಗಪ್ಪ ಅಂಗಡಿಯ ಬಾಗಿಲು ಎಳೆದು ನಡೆದ. ಕಣ್ಣೀರು ಬರುತ್ತಿತ್ತು, ಕೇಳಿದವರಿಗೆ ಘಾಟು ಎಂದ.

ಕುಪ್ಪೇಲೂರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಪಡಸಾಲೆಯಲ್ಲಿ ಹೂಮಾಲೆ ಹಾಕಿದ ಫೋಟೋ ಇಟ್ಟಿದ್ದರು. ಓಟಿನ ಕಾರ್ಡಿನದು. ಅಜ್ಜ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಣ್ಣು ಅಗಲವಾಗಿ, ಬಾಯಿ ಅರ್ಧ ತೆರೆದು, ಆಗಷ್ಟೇ ಸಿಕ್ಕಿಬಿದ್ದಂತಿದ್ದ.

ಮಗ ಹುಲಿಗೇಶ ಪಕ್ಕಕ್ಕೆ ಕರೆದ. "ಅಪ್ಪ ಹೇಳಿದ್ದ ಫೋಟೋನಾ ಮೊದಲು ಇಟ್ಟಿದ್ವಿರಿ. ಬಂದ ಬೀಗರು ಈ ಹುಡುಗ ಯಾರು, ಇವನೂ ಸತ್ತಾನೇನು ಅಂತ ಕೇಳಾಕತ್ತಿದ್ರು. ಯಾರಿಗೂ ಗುರುತಾ ಹತ್ತಲಿಲ್ಲ. ತಗದಿಟ್ವಿ." ಮೂಲೆಯ ಜೋಳದ ಚೀಲದ ಮೇಲಿದ್ದ ಫೋಟೋವನ್ನು ತಂದು ಕೈಗಿಟ್ಟ. "ಇದರ ಸಲುವಾಗಿ ನೀವು ಎಷ್ಟು ಸಲ ಬಂದು ಹೋಗೀರಿ, ನಮಗ ತಿಳೀದಿಲ್ಲೇನ್ರಿ? ಒಯ್ರಿ."

ನಿಜಲಿಂಗಪ್ಪ ಬೇಡ ಎನ್ನಲಿಲ್ಲ. ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಬಸ್ ಸ್ಟ್ಯಾಂಡಿಗೆ ಬಂದು ನಿಂತ. ಕೇಳದೆಯೇ ಸಿಕ್ಕಿತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೊಳೆ ಹಾಗೇ ಇದೆ ಎಂಬುದೂ ನೆನಪಾಯಿತು. ಬಸ್ಸು ಬಂತು. ಕಂಡಕ್ಟರು "ಬರ್ತೀರೇನ್ರಿ?" ಎಂದು ಇವನ ಮುಖ ನೋಡಿದ. ಆ ಹೊತ್ತಿನಲ್ಲಿ ತನ್ನ ಮುಖ ಹೇಗಿರಬಹುದು ಎಂದು ನಿಜಲಿಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಅಗಲ, ಬಾಯಿ ಅರ್ಧ ತೆರೆದದ್ದು. ಕದ್ದ ಆಕಳು ಮಾತ್ರ ಟವೆಲ್ಲಿನಲ್ಲಿತ್ತು. ಬಸ್ಸು ಬಿಟ್ಟು ತಿರುಗಿ ನಡೆದ.

ಹುಲಿಗೇಶನಿಂದ ಒಂದು ಮೊಳೆ ಕೇಳಿ ಪಡೆದು ಪಡಸಾಲೆಯ ಗೋಡೆಗೆ ತಾನೇ ಬಡಿದ. ಸುತ್ತಿಗೆ ಸಪ್ಪಳಕ್ಕೆ ಹೆಣ್ಣುಮಕ್ಕಳು ಅಳು ನಿಲ್ಲಿಸಿ ನೋಡಿದರು. ಫೋಟೋ ತೂಗುಹಾಕಿ, ಇಷ್ಟು ವರ್ಷ ಬರ್ಮಾ ಬರ್ಮಾ ಎಂದು ಬಡಾಯಿ ಕೊಚ್ಚಿದ ಅದೇ ಬಾಯಿಂದ ಹೇಳಿದ. "ಇವರು ನಿಮ್ಮ ಡಾಕಪ್ಪಜ್ಜಾರು. ಯುದ್ಧಾ ಮಾಡಿಲ್ಲ. ಈ ಬಂದೂಕು ಕಟಗೀದು, ಬೂಟು ಮಂದೀವು. ಇವರು ರೊಟ್ಟಿ ಬಡದಾರ. ಯುದ್ಧಕ್ಕ ಹೋದ ಹುಡುಗ್ರು ಕಡೀ ತುತ್ತು ಉಂಡಿದ್ದು ಇವರ ಕೈಲೆ. ತಮ್ಮ ಪಾಲಿಂದು ಕೊಟ್ಟಾರ." ಅಲ್ಲೇ ನಿಂತು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ.

ಮೈಲವ್ವ ಎದ್ದು ಬಂದಳು. ಫೋಟೋದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. "ಅಯ್ಯ, ಮೂಗು ನಮ್ಮ ನಿರ್ಮಲಾಂದಾ ಐತಲ್ಲ" ಎಂದು ತನ್ನ ಮಗಳ ಕಡೆ ತಿರುಗಿದಳು. ಎಲ್ಲರೂ ಆ ಹುಡುಗಿಯ ಮೂಗು ನೋಡಿದರು. ಮೈಲವ್ವ ಓಟಿನ ಕಾರ್ಡಿನ ಫೋಟೋದಿಂದ ಮಾಲೆ ತೆಗೆದು, ಹೊಸ ಮೊಳೆಯವನ ಕೊರಳಿಗೆ ಹಾಕಿದಳು.

ನಿಜಲಿಂಗಪ್ಪ ಬ್ಯಾಡಗಿಗೆ ಖಾಲಿ ಚೀಲ ಹಿಡಿದು ಬಂದ. ತನ್ನ ಧಂದೆಯೇ ಅದಲ್ಲವೇ ಎಂದು ದ್ರಾಕ್ಷಾಯಿಣಿಗೆ ಹೇಳಿದ. ಆಕೆ ನಗಲಿಲ್ಲ, ಕೈಕಾಲಿಗೆ ನೀರು ಕೊಟ್ಟಳು.

ಆ ವರ್ಷದ ಅಮಾವಾಸ್ಯೆಗೆ ದ್ರಾಕ್ಷಾಯಿಣಿ ಎಂದಿನಂತೆ ತಾಟುಗಳನ್ನು ಸಾಲಾಗಿ ಇಟ್ಟಳು. ಬರಿಯ ಮೊಳೆಯ ಕೆಳಗೂ ಒಂದು ಇಟ್ಟಳು. ನಿಜಲಿಂಗಪ್ಪ ಮುಂಬಾಗಿಲನ್ನು ಅರ್ಧ ತೆರೆಯುವ ಬದಲು ಪೂರ್ತಿ ತೆರೆದ. ಇಬ್ಬರೂ ಹಿತ್ತಲಿಗೆ ಹೋಗಬೇಕು ಎನ್ನುವಾಗ ಆಕೆ ಏನೋ ಮರೆತವಳಂತೆ ತಿರುಗಿ ಒಳಗೆ ಹೋದಳು. ಅಡುಗೆಮನೆಯಿಂದ ಡಬ್ಬಿ ತಂದು, ರುಚಿ ನೋಡದೆಯೇ, ಆ ಒಂದು ತಾಟಿನ ಪಲ್ಯಕ್ಕೆ ಮಾತ್ರ ಚಿಟಿಕೆ ಉಪ್ಪು ಹಾಕಿ ಬಂದಳು.